ಅಂಗಳಕ್ಕೆ ಬಂದ ಶಾಲೆ

ಬೆಂಗಳೂರಿನ ಯಾವ ಬಡಾವಣೆಯಾದರೂ ಸರಿಯೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಒಂದು ಸುತ್ತು ಹಾಕಿ ಬಂದರೆ ಚಿಕ್ಕ ಮಕ್ಕಳ ಶಾಲೆಗಳ ಫಲಕಗಳು ನಾಲ್ಕಾರಾದರೂ ಕಣ್ಣಿಗೆ ಬೀಳುತ್ತವೆ. ಒಂದು ಶಿಶುವಿಹಾರ, ಒಂದು ಕಿಂಡರ್‌ಗಾರ್ಟನ್, ಒಂದು ನರ್ಸರಿ, ಒಂದು ಮಾಂಟೆಸೊರಿ. ಬಡಾವಣೆಯ ಅಂಚಿಗೆ ಹೋದರೆ, ಗುಡಿಯ ಪಕ್ಕದ ಒಂದು ಕೋಣೆಯಲ್ಲಿ ಅಂಗನವಾಡಿ. ಮೂರು ವರ್ಷದ ಕೂಸನ್ನು ಎಲ್ಲಿಗೆ ಸೇರಿಸಬೇಕೆಂದು ಚಿಂತಿಸುವ ತಂದೆತಾಯಿಗಳು ಫೀಸು ಎಷ್ಟೆಂದು ಕೇಳುತ್ತಾರೆ, ವ್ಯಾನು ಉಂಟೇ ಎಂದು ಕೇಳುತ್ತಾರೆ, ಇಂಗ್ಲಿಷನ್ನು ಎಂದಿನಿಂದ ಕಲಿಸುತ್ತೀರೆಂದು ಕೇಳುತ್ತಾರೆ. ಒಳಗೆ ಮಕ್ಕಳ ನಡುವೆ ನಿಂತಿರುವ ಆ ತಾಯಿ ಯಾರು, ಈ ಕಸುಬನ್ನು ಎಲ್ಲಿ ಕಲಿತರು, ಇದರಲ್ಲಿ ಅವರಿಗೆ ಮುಂದಿನ ಮೆಟ್ಟಿಲೆಂಬುದು ಉಂಟೋ ಇಲ್ಲವೋ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಈ ಫಲಕಗಳ ಮೇಲಿನ ಒಂದೊಂದು ಹೆಸರಿಗೂ ಒಂದೊಂದು ಚರಿತ್ರೆಯಿದೆ. ಒಂದು ಹೆಸರು ಜರ್ಮನಿಯ ಒಬ್ಬ ಮೇಷ್ಟರದು, ಒಂದು ಇಟಲಿಯ ಒಬ್ಬ ವೈದ್ಯೆಯದು, ಮತ್ತೊಂದು ಮಹಾರಾಷ್ಟ್ರದ ಒಬ್ಬ ಉಪಾಧ್ಯಾಯಿನಿಯದು. ಈ ಹೆಸರುಗಳ ಬೆನ್ನು ಹಿಡಿದು ಹೋದರೆ, ಎಳೆಯ ಮಕ್ಕಳಿಗೆ ಕಲಿಸುವ ಕೆಲಸ ಒಂದು ಉದ್ಯೋಗವಾದ ಕಥೆ ಸಿಕ್ಕುತ್ತದೆ. ಜೊತೆಗೇ, ಆ ಉದ್ಯೋಗಕ್ಕೆ ಉದ್ಯೋಗವೆಂಬ ಹೆಸರು ಕೊಡಲು ನಾವು ಇಂದಿಗೂ ಏಕೆ ಹಿಂದೆಗೆಯುತ್ತೇವೆಂಬುದಕ್ಕೂ ಒಂದು ಕಾರಣ ಸಿಕ್ಕುತ್ತದೆ.

ನಮ್ಮಲ್ಲಿ ಹಿಂದೆ ಐದು ವರ್ಷದೊಳಗಿನ ಮಕ್ಕಳಿಗೆ ಶಾಲೆಯೆಂಬುದಿರಲಿಲ್ಲ. ಅಜ್ಜಿಯ ಮಡಿಲು, ಅಕ್ಕನ ಸೊಂಟ, ಮನೆಯ ಮುಂದಿನ ಅಂಗಳ ಇವೇ ಅವರ ಪಾಠಶಾಲೆಗಳು. ಕಥೆ, ಒಗಟು, ಅಳಗುಳಿಮಣೆಯ ಹುಣಿಸೆಬೀಜಗಳ ಲೆಕ್ಕ ಇವೇ ಪಠ್ಯಗಳು. ಅಕ್ಷರಾಭ್ಯಾಸವಾದ ಮೇಲೆ ಹುಡುಗನನ್ನು ಐಗಳ ಕೂಲಿಮಠಕ್ಕೆ ಕಳಿಸುವರು. ಅಲ್ಲಿ ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುವುದು. ತಪ್ಪಿದರೆ ಬೆತ್ತ, ಇನ್ನೂ ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯೇ ಆ ಕಾಲದ ಶಿಕ್ಷಣಶಾಸ್ತ್ರ. ಗಿಡಕ್ಕೆ ನೀರು, ಬೆಳಕು, ಬೇಲಿ ಬೇಕೆಂಬ ಮಾತು ಆ ಗಾದೆಯಲ್ಲಿಲ್ಲ. ಬಗ್ಗಿಸಬೇಕೆಂಬ ಮಾತು ಮಾತ್ರ ಇದೆ.

ಗಿಡದ ಹೋಲಿಕೆಯನ್ನು ತಿರುಗಿಸಿ ಹಾಕಿದವನು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಆತ ಒಂದು ಆಟದ ಶಾಲೆಯನ್ನು ತೆರೆದ. ಮೂರು ವರ್ಷಗಳ ತರುವಾಯ ಅದಕ್ಕೆ ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟ. ಮಗು ಸಸಿಯಾದರೆ ಶಿಕ್ಷಕರು ತೋಟಗಾರರು. ಈ ತೋಟಗಾರಿಕೆಗೆ ಹೆಂಗಸರೇ ತಕ್ಕವರೆಂದು ನಂಬಿ ಫ್ರೋಬೆಲ್ ತರುಣಿಯರನ್ನು ಕರೆದು, ಚೆಂಡು, ಮರದ ದಿಮ್ಮಿ, ಹಾಡು, ಆಟಗಳನ್ನು ಕ್ರಮವಾಗಿ ಬಳಸುವ ಬಗೆಯನ್ನು ಕಲಿಸತೊಡಗಿದ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳಿಗೆ ಹೊರಗಿನ ದುಡಿಮೆಯ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ ಹೀಗೆ ಒಂದು ಬಾಗಿಲು ತೆರೆಯಿತು.

ಅಂದಿನ ಪ್ರಷ್ಯಾ ಸರಕಾರಕ್ಕೆ ಇದು ಸಹಿಸಲಿಲ್ಲ. 1851ರಲ್ಲಿ ಕಿಂಡರ್‌ಗಾರ್ಟನ್ನುಗಳನ್ನೆಲ್ಲ ನಿಷೇಧಿಸಿತು. ರಾಜಕೀಯ ವಿಚಾರಗಳನ್ನು ಬರೆಯುತ್ತಿದ್ದ ಅಣ್ಣನ ಮಗನೊಬ್ಬನೊಡನೆ ಫ್ರೋಬೆಲನನ್ನು ಸರಕಾರ ಬೆರೆಸಿಕೊಂಡಿತೆಂದು ಹೇಳುತ್ತಾರೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರಲ್ಲಿ ಅವನಿಂದಲೂ ಅವನ ಅನುಯಾಯಿಗಳಿಂದಲೂ ಕಲಿತ ಹೆಂಗಸರು ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗಿ ಅಲ್ಲಿ ಮಕ್ಕಳ ತೋಟಗಳನ್ನು ಹಾಕಿದ್ದರು. ಒಂದು ದೇಶ ಹೊರಗಟ್ಟಿದ ಕಸುಬು ಹಲವು ದೇಶಗಳಲ್ಲಿ ಬೇರೂರಿತು.

ಎರಡನೆಯ ಹೆಸರು ಮಾರಿಯಾ ಮಾಂಟೆಸೊರಿಯವರದು. ವೈದ್ಯವಿದ್ಯೆಯನ್ನು ಓದಿದ ಇವರು 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಹಗಲೆಲ್ಲ ಮಹಡಿಮೆಟ್ಟಿಲುಗಳಲ್ಲಿ ಓಡಾಡಿ ಗೋಡೆಗಳನ್ನು ಗೀಚಿ ಹಾಳುಮಾಡುತ್ತಾರೆಂದು, ಕಟ್ಟಡದ ಒಡೆಯರೇ ಅವರನ್ನು ಒಂದೆಡೆ ಕೂಡಿಹಾಕುವ ಏರ್ಪಾಟು ಬಯಸಿದ್ದರು. ಅಲ್ಲಿನ ಮೊದಲ ಶಿಕ್ಷಕಿ ಅದೇ ಕಟ್ಟಡವನ್ನು ಕಾಯುವವನ ಮಗಳು. ಶಿಕ್ಷಕಿಯಾದವಳು ಮಕ್ಕಳಿರುವ ಕಟ್ಟಡದಲ್ಲಿಯೇ, ತಾಯಂದಿರ ನಡುವೆಯೇ ವಾಸಿಸಬೇಕೆಂಬುದು ಮಾಂಟೆಸೊರಿಯವರ ಎಣಿಕೆಯಾಗಿತ್ತು. ಇಂದು ನಮ್ಮ ನಗರಗಳಲ್ಲಿ ಮಾಂಟೆಸೊರಿಯೆಂದರೆ ಹೆಚ್ಚು ಫೀಸಿನ ಶಾಲೆಯೆಂದೇ ಅನೇಕರ ಭಾವನೆ. ಅದು ಹುಟ್ಟಿದ್ದು ಮಾತ್ರ ನಮ್ಮ ಅಂಗನವಾಡಿಯಂಥ ಜಾಗದಲ್ಲಿ, ಆ ನೆರೆಯ ಹುಡುಗಿಯೊಬ್ಬಳ ಕೈಯಲ್ಲಿ.

ಭಾರತದಲ್ಲಿ ಈ ವಿಚಾರವನ್ನು ಮನೆಮಾತಾಗಿಸಿದ ಮಹನೀಯರು ಶಿಕ್ಷಕರಾಗಿ ಹೊರಟವರಲ್ಲ, ವಕೀಲರು. ಗಿಜುಭಾಯಿ ಬಧೇಕಾ ಅವರು ಹುಟ್ಟಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತ್ತಳ ಎಂಬಲ್ಲಿ. ವಢವಾಣದಲ್ಲಿ ವಕೀಲಿ ಮಾಡುತ್ತಿದ್ದರು. 1913ರಲ್ಲಿ ಮಗ ಹುಟ್ಟಿದ ಮೇಲೆ, ತಾವು ಕಲಿತಂಥ ಹೊಡೆತದ ಶಾಲೆಗೆ ಈ ಕೂಸನ್ನೂ ಕಳಿಸುವುದೇ ಎಂಬ ಚಿಂತೆ ಅವರನ್ನು ಕಾಡಿತು. ಮಿತ್ರರೊಬ್ಬರು ಕೊಟ್ಟ ಮಾಂಟೆಸೊರಿಯವರ ವಿಚಾರಗಳ ಪುಸ್ತಕ ಆ ಚಿಂತೆಗೆ ದಾರಿ ತೋರಿತು. 1916ರಲ್ಲಿ ವಕೀಲಿಯನ್ನು ಬಿಟ್ಟು, ಭಾವನಗರದಲ್ಲಿ ನಾನಾಭಾಯಿ ಭಟ್ಟರು ನಡೆಸುತ್ತಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು.

ಗಿಜುಭಾಯಿ ಇಟಲಿಯ ಪದ್ಧತಿಯನ್ನು ಹಾಗೆಹಾಗೇ ಎತ್ತಿ ತಂದವರಲ್ಲ. ಎಳೆಯ ಮಕ್ಕಳಿಗೆ ಕಟ್ಟುಕಥೆಗಳು ಬೇಡವೆಂಬುದು ಮಾಂಟೆಸೊರಿಯವರ ಮತ. ಕಥೆಯಿಲ್ಲದೆ ಮಗುವೇ ಇಲ್ಲವೆಂಬುದು ಗಿಜುಭಾಯಿಯವರ ಮತ. ಅವರ ಬಾಲಮಂದಿರದಲ್ಲಿ ಜನಪದ ಕಥೆ, ಹಾಡು, ನಾಟಕಗಳಿಗೆ ದೊಡ್ಡ ಸ್ಥಾನವಿತ್ತು. ಮಕ್ಕಳಿಗಾಗಿ, ತಂದೆತಾಯಿಗಳಿಗಾಗಿ, ಶಿಕ್ಷಕರಿಗಾಗಿ ಗುಜರಾತಿಯಲ್ಲಿ ಅವರು ಬರೆದ ಚಿಕ್ಕ ದೊಡ್ಡ ಪುಸ್ತಕಗಳಿಗೆ ಲೆಕ್ಕವಿಲ್ಲ. ‘ದಿವಾಸ್ವಪ್ನ’ ಅವುಗಳಲ್ಲಿ ಹೆಸರಾದುದು. ದಪ್ಪ ಮೀಸೆಯ ಈ ಮನುಷ್ಯನಿಗೆ ಜನ ಇಟ್ಟ ಹೆಸರು ‘ಮೀಸೆಯುಳ್ಳ ತಾಯಿ’.

ನಮ್ಮ ವಿಷಯಕ್ಕೆ ಮುಖ್ಯವಾದ ಮಾತೆಂದರೆ ಇದು: ಒಂದು ಶಾಲೆಯನ್ನು ನಡೆಸುವುದರಿಂದ ಕೆಲಸ ಮುಗಿಯಲಿಲ್ಲವೆಂದು ಅವರು ಬಲ್ಲವರಾಗಿದ್ದರು. 1925ರಲ್ಲಿ ಬಾಲಶಿಕ್ಷಕರನ್ನು ತಯಾರುಮಾಡುವ ಅಧ್ಯಾಪನ ಮಂದಿರ ಆರಂಭವಾಯಿತು. 1926ರಲ್ಲಿ ನೂತನ ಬಾಲಶಿಕ್ಷಣ ಸಂಘ ಹುಟ್ಟಿತು. ಶಾಲೆ, ತರಬೇತಿ, ಸಂಘ, ಪತ್ರಿಕೆ ಈ ನಾಲ್ಕೂ ಕೂಡಿದರೇ ಒಂದು ಕೆಲಸ ಕಸುಬಾಗುತ್ತದೆ. ವೈದ್ಯರಿಗೂ ವಕೀಲರಿಗೂ ಇರುವುದು ಇವೇ ಅಲ್ಲವೆ? ಸ್ವತಃ ವಕೀಲರಾಗಿದ್ದ ಗಿಜುಭಾಯಿಗೆ ಇದು ತಿಳಿಯದ ಮಾತಲ್ಲ.

ಕನ್ನಡನಾಡು ಆಗ ನಿದ್ರಿಸುತ್ತಿರಲಿಲ್ಲ. ಭಾವನಗರದಲ್ಲಿ ಬಾಲಮಂದಿರ ತೆರೆದ ಮರುವರ್ಷ, 1921ರಲ್ಲಿ, ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಶಾಲೆಗಳ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದ ಪಂಜೆಯವರಿಗೆ, ಮಕ್ಕಳಿಗೆ ಮೊದಲು ಬೇಕಾದುದು ಬಾಯಿಗೆ ಹತ್ತುವ ಕನ್ನಡ ಎಂಬುದು ಗೊತ್ತಿತ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟವನ್ನು ಕಟ್ಟಿದರು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿದ್ದ ಈ ತಾಯಿಯ ಹೆಸರನ್ನು ಇಂದಿನ ಎಷ್ಟು ಮಂದಿ ಬಲ್ಲರೋ ತಿಳಿಯದು. ಮಕ್ಕಳ ಕೂಟವೆಂಬ ಬಸ್ ನಿಲ್ದಾಣವನ್ನಂತೂ ಬಹಳ ಮಂದಿ ಬಲ್ಲರು.

ಗಿಜುಭಾಯಿ 1939ರ ಜೂನ್ 23ರಂದು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮೇಡಂ ಮಾಂಟೆಸೊರಿ, ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ, ಮಗ ಮಾರಿಯೊನೊಡನೆ ಮದರಾಸಿನ ಅಡೆಯಾರಿಗೆ ಬಂದಿಳಿದರು. ಇಪ್ಪತ್ತು ವರ್ಷ ಅವರ ವಿಚಾರಗಳನ್ನು ಈ ನಾಡಿನಲ್ಲಿ ಬಿತ್ತಿದ ಮನುಷ್ಯ ಅವರನ್ನು ಕಾಣಲು ಐದು ತಿಂಗಳು ಉಳಿಯಲಿಲ್ಲ.

ಕೆಲವು ತಿಂಗಳ ತರಬೇತಿ ನಡೆಸಿ ಹಿಂದಿರುಗಬೇಕೆಂದು ಬಂದ ಮಾಂಟೆಸೊರಿಯವರನ್ನು ಯುದ್ಧ ಇಲ್ಲಿಯೇ ತಡೆಯಿತು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ಬ್ರಿಟಿಷ್ ಸರಕಾರದ ಕಣ್ಣಿಗೆ ತಾಯಿಮಕ್ಕಳಿಬ್ಬರೂ ಶತ್ರುದೇಶದವರಾದರು. ಮಾರಿಯೊವನ್ನು ಸೆರೆಯಲ್ಲಿಟ್ಟು, ಆಗಸ್ಟ್ 31ರಂದು, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಬಿಡುಗಡೆ ಮಾಡಿದರು. ಮುಂದೆ ಕೊಡೈಕನಾಲಿನಲ್ಲಿದ್ದು ಅವರು ಎಳೆಯ ಕೂಸುಗಳ ಬಗೆಗೆ ಇನ್ನಷ್ಟು ವಿಚಾರ ನಡೆಸಿದರು. 1946ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷ ಮತ್ತೆ ಬಂದು, 1949ರಲ್ಲಿ ಈ ದೇಶವನ್ನು ಬಿಟ್ಟರು. ಅಷ್ಟರಲ್ಲಿ ಅವರ ಕೈಕೆಳಗೆ ಸಾವಿರಕ್ಕೂ ಹೆಚ್ಚು ಮಂದಿ ಶಿಕ್ಷಕರು ತಯಾರಾಗಿದ್ದರು. ಭಾರತದಲ್ಲಿ ಮಾಂಟೆಸೊರಿ ಡಿಪ್ಲೊಮಾ ಎಂಬುದಕ್ಕೆ ಬಂದ ಬೆಲೆ ಆ ಹತ್ತು ವರ್ಷಗಳ ಫಲ.

ಇಲ್ಲಿಗೆ ಬಂದಾಗ ದಾರಿ ಎರಡಾಗಿ ಒಡೆಯುತ್ತದೆ. ಅಳತೆಗೆ ಸರಿಯಾಗಿ ಮಾಡಿದ ಮರದ ಸಲಕರಣೆ, ತಿಂಗಳುಗಟ್ಟಲೆ ತರಬೇತಿಯ ಖರ್ಚು ಇವನ್ನು ಹೊರಬಲ್ಲವರು ಪಟ್ಟಣದವರು. ಒಂದು ದಾರಿ ಆ ಕಡೆಗೆ ಹೋಯಿತು. ಇನ್ನೊಂದು ದಾರಿಯನ್ನು ತುಳಿದವರು ತಾರಾಬಾಯಿ ಮೋಡಕರು.

1892ರಲ್ಲಿ ಹುಟ್ಟಿದ ತಾರಾಬಾಯಿ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ. ರಾಜಕೋಟೆಯ ಬಾರ್ಟನ್ ಸ್ತ್ರೀ ಅಧ್ಯಾಪನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಆ ಕಾಲದಲ್ಲಿ ಭಾರತೀಯ ಹೆಂಗಸೊಬ್ಬರಿಗೆ ಅಂಥ ಹುದ್ದೆ ಸಿಕ್ಕುವುದು ಸಾಮಾನ್ಯವಲ್ಲ. ಅದನ್ನು ಬಿಟ್ಟು 1923ರಲ್ಲಿ ಗಿಜುಭಾಯಿಯವರ ಕೆಲಸಕ್ಕೆ ಕೈಜೋಡಿಸಿದರು. 1936ರಲ್ಲಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು. ಆದರೆ ಪಟ್ಟಣದ ಶಿಶುವಿಹಾರಕ್ಕೆ ಬರುವವರು ಪಟ್ಟಣದ ಮಕ್ಕಳೇ. ಹಳ್ಳಿಯ ಮಕ್ಕಳ ಗತಿ ಏನು? ಗಾಂಧೀಜಿಯವರ ನಯೀ ತಾಲೀಮಿನ ಚಿಂತನೆಯೂ ಆ ವೇಳೆಗೆ ಏಳು ವರ್ಷದ ಮಕ್ಕಳಿಂದ ಹಿಂದಕ್ಕೆ ಸರಿದು, ಕೂಸುಗಳವರೆಗೆ ಬಂದಿತ್ತು. 1945ರಲ್ಲಿ ತಾರಾಬಾಯಿ ಗುಜರಾತಿನ ಗಡಿಗೆ ಹತ್ತಿರದ, ಅಂದಿನ ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿ ಎಂಬ ಊರಿಗೆ ಹೋದರು. ಆಗ ಅವರ ವಯಸ್ಸು ಐವತ್ತಮೂರು. ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರರಲ್ಲಿ ಮದುವೆಯಾಗಿ ಆರೇ ತಿಂಗಳಲ್ಲಿ ವಿಧವೆಯಾಗಿ, ಓದಿ, ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ ಅನೇಕ ವರ್ಷ ಪಾಠ ಹೇಳಿದ್ದವರು. ಅದೇ ವರ್ಷ ಮುಂಬಯಿಯ ಬೋರಿವಲಿಯಲ್ಲಿ ಕಸ್ತೂರಬಾ ಸ್ಮಾರಕ ನಿಧಿಯವರು ಗ್ರಾಮಸೇವಿಕೆಯರಿಗಾಗಿ ನಡೆಸಿದ ಶಿಬಿರದಲ್ಲಿ ತಾರಾಬಾಯಿಯವರನ್ನು ಕಂಡಿದ್ದರು.

ಬೋರ್ಡಿಯಲ್ಲಿ ಬಾಲವಾಡಿ ತೆರೆಯಿತು. ತೆರೆದರೇನು? ಊರಿನ ಮೇಲುಜಾತಿಯ ಮಕ್ಕಳು ಬಂದರು. ಹರಿಜನ ಕೇರಿಯಿಂದ, ಆದಿವಾಸಿಗಳ ಗುಡಿಸಲುಗಳಿಂದ ಮಕ್ಕಳು ಬರಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕು ಎಂದು ತಾರಾಬಾಯಿ ಮತ್ತು ಅನುತಾಯಿ ಆಟದ ಸಾಮಾನುಗಳನ್ನು ಹೊತ್ತುಕೊಂಡು ಕೇರಿಗೇ ಹೋದರು. ಗುಡಿಸಲ ಮುಂದಿನ ಅಂಗಳವನ್ನು ಗುಡಿಸಿ, ಅಲ್ಲಿಯೇ ಮಕ್ಕಳನ್ನು ಕೂಡಿಸಿದರು, ಮೈ ತೊಳೆದರು, ತಲೆ ಬಾಚಿದರು, ಹಾಡಿಸಿದರು. ಮರಾಠಿಯಲ್ಲಿ ಅಂಗಣವೆಂದರೆ ನಮ್ಮ ಅಂಗಳವೇ. ಅಂಗಣದಲ್ಲಿ ನಡೆದ ಬಾಲವಾಡಿ ಅಂಗಣವಾಡಿಯಾಯಿತು. ಈಗ ದೇಶವೆಲ್ಲ ಬಳಸುವ ಮಾತು ಹುಟ್ಟಿದ್ದು ಹೀಗೆ. ಅದು ಮೊದಲು ಒಂದು ಕಟ್ಟಡದ ಹೆಸರಾಗಿರಲಿಲ್ಲ, ಬಾರದವರ ಬಳಿಗೆ ಹೋಗುವ ಕ್ರಮದ ಹೆಸರಾಗಿತ್ತು.

1957ರಲ್ಲಿ ಅವರ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ, ವಾರಲಿ ಜನರ ನಡುವೆ, ಸಾಗಿತು. ಅಲ್ಲಿ ಮರದ ಸಲಕರಣೆಗಳ ಬದಲು ಕಾಡುಬೀಜ, ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆ, ಕಡ್ಡಿಗಳು ಎಣಿಸುವುದಕ್ಕೂ ಜೋಡಿಸುವುದಕ್ಕೂ ಬಂದವು. ದನ ಕಾಯುವ ಹುಡುಗರು ಶಾಲೆಗೆ ಬರಲಾರರೆಂದು, ದನ ಮೇಯುವ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆಯಿಂದ ಹುಡುಗಿಯರು ಶಾಲೆ ಬಿಡುತ್ತಾರೆಂದು ಕಂಡು, ತೊಟ್ಟಿಲಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿದರು. ಅಕ್ಕ ಓದುವಳು, ತಮ್ಮ ಆಡುವನು, ಕೂಸು ಮಲಗುವುದು; ಮೂವರೂ ಒಂದೇ ಸೂರಿನಡಿ. ಇದಕ್ಕೆ ವಿಕಾಸವಾಡಿಯೆಂದು ಹೆಸರು.

ಇತ್ತ ಸರಕಾರಗಳೂ ಈ ವಿಷಯವನ್ನು ಆಲೋಚಿಸುತ್ತಿದ್ದವು. 1944ರ ಸಾರ್ಜೆಂಟ್ ವರದಿ, ಮೂರರಿಂದ ಆರು ವರ್ಷದ 10 ಲಕ್ಷ ಮಕ್ಕಳಿಗೆ ಉಚಿತವಾದ ಶಿಶುಶಾಲೆಗಳನ್ನು ಒದಗಿಸಬೇಕೆಂದೂ ಅವುಗಳಲ್ಲಿ ವಿಶೇಷ ತರಬೇತಿ ಪಡೆದ ಉಪಾಧ್ಯಾಯಿನಿಯರಿರಬೇಕೆಂದೂ ಹೇಳಿತು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪಿತವಾಯಿತು. ಅದರ ನೆರವಿನಿಂದ ಮಹಿಳಾ ಸಮಾಜಗಳು ಬಾಲವಾಡಿಗಳನ್ನು ನಡೆಸತೊಡಗಿದವು. 1960ರ ದಶಕದಲ್ಲಿ ಭಾರತೀಯ ಶಿಶುಕಲ್ಯಾಣ ಪರಿಷತ್ತು ಬಾಲಸೇವಿಕೆಯರಿಗೆ ಹನ್ನೊಂದು ತಿಂಗಳ ತರಬೇತಿ ಕೊಡುವ ಯೋಜನೆಯನ್ನು ನಡೆಸಿತು. ಹನ್ನೊಂದು ತಿಂಗಳು ಎಂಬ ಅವಧಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಯೋಜನೆಯ ಕೇಂದ್ರಗಳಿಗೆ ಸರಕಾರ ಆರಿಸಿಕೊಂಡ ಹೆಸರು ಅಂಗನವಾಡಿ. ಅದನ್ನು ಕೊಟ್ಟ ತಾರಾಬಾಯಿ ಎರಡು ವರ್ಷದ ಹಿಂದೆ, 1973ರಲ್ಲಿ, ತೀರಿಕೊಂಡಿದ್ದರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸಿಕೊಡುವುದು, ತಾಯಂದಿರಿಗೆ ಆಹಾರ ಆರೋಗ್ಯಗಳ ತಿಳಿವಳಿಕೆ, ಕೊನೆಯದಾಗಿ ಶಾಲಾಪೂರ್ವ ಶಿಕ್ಷಣ ಎಂದು ಯೋಜನೆಗೆ ಆರು ಅಂಗಗಳು. ಇಂದು ದೇಶದಲ್ಲಿ 13 ಲಕ್ಷಕ್ಕೂ ಮೇಲ್ಪಟ್ಟು ಅಂಗನವಾಡಿಗಳಿವೆ. ಎಳೆಯ ಮಕ್ಕಳಿಗಾಗಿ ಇಷ್ಟು ದೊಡ್ಡ ಏರ್ಪಾಟು ಜಗತ್ತಿನಲ್ಲಿಯೇ ವಿರಳ. ಹಸಿವಿನಿಂದ, ರೋಗದಿಂದ ಅದು ಉಳಿಸಿದ ಮಕ್ಕಳನ್ನು ನೆನೆದರೆ ಕೈಮುಗಿಯಬೇಕು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳುತ್ತೇನೆ.

ಈ ಕೇಂದ್ರವನ್ನು ನಡೆಸುವ ಹೆಂಗಸಿಗೆ ಸರಕಾರ ಇಟ್ಟ ಹೆಸರು ಕಾರ್ಯಕರ್ತೆ. ಆಕೆಗೆ ಕೊಡುವ ಹಣಕ್ಕೆ ಇಟ್ಟ ಹೆಸರು ಗೌರವಧನ. 1975ರಲ್ಲಿ ಅದು ಮೆಟ್ರಿಕ್ ಆದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100 ರೂಪಾಯಿ. ಸಂಬಳವೆಂದರೆ ಹಕ್ಕು, ಗೌರವಧನವೆಂದರೆ ಕೊಟ್ಟಷ್ಟು. ಸಂಬಳಕ್ಕೆ ಬಡ್ತಿ, ರಜೆ, ಪಿಂಚಣಿಗಳ ಬಾಲವುಂಟು. ಗೌರವಧನಕ್ಕೆ ಗೌರವವೇ ಬಾಲ. ತರಬೇತಿಯೂ ಕಿರಿದಾಗುತ್ತ ಬಂದಿತು. ಮೊದಲಲ್ಲಿ ತಿಂಗಳುಗಟ್ಟಲೆ ಇದ್ದದ್ದು, ತರುವಾಯ ಇಪ್ಪತ್ತಾರು ದಿನಗಳಿಗೆ ಇಳಿಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಅಂಗನವಾಡಿಗಳಲ್ಲಿ ಓದಿಗೂ ಒತ್ತು ಕೊಡಬೇಕೆಂದು ಹೊಸ ಕಾರ್ಯಕ್ರಮವೊಂದನ್ನು ಸಾರಿದಾಗ, ಅದಕ್ಕಾಗಿ ಏರ್ಪಡಿಸಿದ ತರಬೇತಿ ಮೂರು ದಿನಗಳದು. ಬಾಲಸೇವಿಕೆಯ ಹನ್ನೊಂದು ತಿಂಗಳು ಈಗ ನೆನಪಿಗೆ ಬರಲಿ.

ಈ ಲೇಖನಕ್ಕಾಗಿ ನಾನು ಒಂದು ಅಂಗನವಾಡಿಯಲ್ಲಿ ಅರ್ಧ ದಿನ ಕುಳಿತಿದ್ದೆ. ಇಪ್ಪತ್ತೆರಡು ಮಕ್ಕಳು. ಆ ತಾಯಿ ಬಾಗಿಲು ತೆಗೆದೊಡನೆ ಮೊಬೈಲಿನಲ್ಲಿ ಹಾಜರಿ ಕಳಿಸಿದರು, ಮಕ್ಕಳನ್ನು ತೂಗಿ ಬರೆದುಕೊಂಡರು, ಬಸುರಿ ಹೆಂಗಸರಿಬ್ಬರು ಬಂದರೆ ಅವರ ಪಾಲಿನ ಆಹಾರ ಕೊಟ್ಟು ಸಹಿ ಹಾಕಿಸಿದರು, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಬಂದ ಮುದುಕರೊಬ್ಬರಿಗೆ ಸಮಾಧಾನ ಹೇಳಿದರು. “ಪಾಠ ಯಾವಾಗಮ್ಮ?” ಎಂದು ಕೇಳಿದೆ. “ಇದರ ಮಧ್ಯದಲ್ಲೇ ಸಾರ್. ಬೇಳೆ ಬೇಯೋ ಹೊತ್ತಿಗೆ ಒಂದು ಹಾಡು ಆಗತ್ತೆ, ಒಂದು ಕಥೆ ಆಗತ್ತೆ” ಎಂದರು. ನಿಜವಾಗಿಯೂ ಆಯಿತು. ಕಥೆಯಲ್ಲಿ ನರಿ ಬಂದಾಗ ಇಪ್ಪತ್ತೆರಡು ಬಾಯಿಗಳೂ ತೆರೆದವು. ಸರಕಾರದ ಕಾಗದದಲ್ಲಿ ಆಕೆ ಕಾರ್ಯಕರ್ತೆ. ಮಕ್ಕಳು ಕರೆದದ್ದು “ಟೀಚರ್” ಎಂದು.

ಈ ಎರಡು ಹೆಸರುಗಳ ನಡುವಣ ಅಂತರ ಹೇಗೆ ಬಂದಿತು? ಇದಕ್ಕೆ ಉತ್ತರ, ನನಗೆ ತೋರುವಂತೆ, ಮೇಲೆ ಹೇಳಿದ ಮಹನೀಯರ ಚರಿತ್ರೆಯಲ್ಲಿಯೇ ಇದೆ. ಗಿಜುಭಾಯಿ ವಕೀಲಿಯನ್ನು ಬಿಟ್ಟು ಬಂದರು. ತಾರಾಬಾಯಿ ಪ್ರಿನ್ಸಿಪಾಲರ ಕುರ್ಚಿಯನ್ನು ಬಿಟ್ಟು ಬಂದರು. ಅನುತಾಯಿ ಪಟ್ಟಣದ ಶಾಲೆಯನ್ನು ಬಿಟ್ಟು ಬಂದರು. ಬಿಡುವುದಕ್ಕೆ ಏನಾದರೊಂದಿದ್ದವರು ಬಿಟ್ಟು ಬಂದುದರಿಂದ ಅದು ತ್ಯಾಗವಾಯಿತು, ಸೇವೆಯೆನಿಸಿತು. ಆ ಸೇವೆಯೆಂಬ ಮಾತನ್ನು ಸರಕಾರ ಎತ್ತಿಕೊಂಡು, ಬಿಡುವುದಕ್ಕೆ ಏನೂ ಇಲ್ಲದ, ಮನೆಯ ಒಲೆ ಉರಿಯಬೇಕಾದರೆ ದುಡಿಯಲೇಬೇಕಾದ ಲಕ್ಷಾಂತರ ಹೆಂಗಸರ ಮೇಲೆ ಹಾಕಿತು. ಒಬ್ಬರ ಆದರ್ಶ ಇನ್ನೊಬ್ಬರ ನೌಕರಿಯ ನಿಯಮವಾಯಿತು. ತಾರಾಬಾಯಿಯವರಿಂದ ನಾವು ಅಂಗಳವನ್ನು ತೆಗೆದುಕೊಂಡೆವು, ತ್ಯಾಗವನ್ನು ತೆಗೆದುಕೊಂಡೆವು. ಶಿಕ್ಷಕಿಯನ್ನು ತಯಾರುಮಾಡುವುದಕ್ಕಾಗಿ ಅವರೂ ಗಿಜುಭಾಯಿಯೂ ಕಟ್ಟಿದ ಅಧ್ಯಾಪನ ಮಂದಿರವನ್ನು ಮಾತ್ರ ಹಿಂದೆ ಬಿಟ್ಟೆವು.

ನ್ಯಾಯಾಲಯಗಳ ಕಡತಗಳಲ್ಲಿಯೂ ಈ ಕಥೆ ನಡೆದಿದೆ. 2006ರ ಡಿಸೆಂಬರಿನಲ್ಲಿ, ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. 2022ರ ಏಪ್ರಿಲ್ 25ರಂದು, ಗುಜರಾತಿನ ದಾಹೋದ್ ಜಿಲ್ಲೆಯಿಂದ ಹೋದ ಇನ್ನೊಂದು ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಈ ಹೆಂಗಸರಿಗೆ 1972ರ ಕಾನೂನಿನಂತೆ ಗ್ರ್ಯಾಚುಯಿಟಿ ಸಲ್ಲತಕ್ಕದ್ದೆಂದು ಹೇಳಿತು. ಗೌರವಧನವೆಂದು ಕರೆದರೂ ಅದು ಆ ಕಾನೂನಿನ ಅರ್ಥದಲ್ಲಿ ವೇತನವೇ ಎಂದಿತು. ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ನಡೆಯುವುದು ಶಿಕ್ಷಣ ಎಂಬುದನ್ನೂ ಎತ್ತಿ ಹೇಳಿತು. ಗಿಜುಭಾಯಿಯವರ ಗುಜರಾತಿನಿಂದಲೇ ಈ ತೀರ್ಪಿಗೆ ದಾರಿಯಾದದ್ದು ವಿಶೇಷ.

ನಡುವೆ ಈ ಹೆಂಗಸರು ಸುಮ್ಮನೆ ಕುಳಿತಿರಲಿಲ್ಲ. 2017ರ ಮಾರ್ಚಿನಲ್ಲಿ ಸಾವಿರಾರು ಮಂದಿ ರಾಜ್ಯದ ಮೂಲೆಮೂಲೆಗಳಿಂದ ಬೆಂಗಳೂರಿಗೆ ಬಂದು, ಹಗಲಿರುಳು ರಸ್ತೆಯಲ್ಲಿಯೇ ಕುಳಿತುದನ್ನು ನಗರದವರು ಮರೆತಿರಲಾರರು. ವಾಹನಸಂಚಾರಕ್ಕೆ ತೊಂದರೆಯಾಯಿತೆಂದು ಆಗ ನಮ್ಮಲ್ಲಿ ಹಲವರು ಗೊಣಗಿದ್ದೂ ಉಂಟು. 2018ರ ಅಕ್ಟೋಬರಿನಿಂದ ಕೇಂದ್ರದ ಪಾಲಿನ ಗೌರವಧನ 3,000 ರೂಪಾಯಿಯಿಂದ 4,500ಕ್ಕೆ ಏರಿತು. ರಾಜ್ಯ ಸರಕಾರಗಳು ತಮ್ಮ ಪಾಲನ್ನು ಅದಕ್ಕೆ ಸೇರಿಸುತ್ತವೆ. 2022ರಲ್ಲಿ ಹೊರಟ ಕೇಂದ್ರದ ಮಾರ್ಗಸೂಚಿಗಳು ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು ಅನುಭವಿ ಕಾರ್ಯಕರ್ತೆಯರಿಗೂ, ಕಾರ್ಯಕರ್ತೆಯರ ಸ್ಥಾನಗಳಲ್ಲಿ ಅರ್ಧದಷ್ಟನ್ನು ಸಹಾಯಕಿಯರಿಗೂ ಬಡ್ತಿಯ ಮೂಲಕ ಕೊಡಬೇಕೆಂದವು. ಏಣಿಗೆ ಒಂದೆರಡು ಮೆಟ್ಟಿಲು ಬಂದಂತಾಯಿತು.

ಫೀಸು ಕೊಡುವ ಶಾಲೆಗಳಲ್ಲಿ ಸ್ಥಿತಿ ಬೇರೆಯೆಂದು ಓದುಗರು ತಿಳಿಯಬಾರದು. ಮಾಂಟೆಸೊರಿ ಡಿಪ್ಲೊಮಾ ಉಂಟು, ಎರಡು ವರ್ಷದ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ ಉಂಟು. ಅವನ್ನು ಪಡೆದು ಬಂದ ಹುಡುಗಿಗೆ ಎಷ್ಟು ಕೊಡಬೇಕೆಂಬುದು ಅನೇಕ ಕಡೆ ಆಡಳಿತದವರ ಮರ್ಜಿ. “ಅರ್ಧ ದಿನದ ಕೆಲಸ, ಹೆಂಗಸರಿಗೆ ಅನುಕೂಲ” ಎಂಬ ಮಾತನ್ನು ಕೇಳದ ಶಿಕ್ಷಕಿ ಇರಲಾರರು. ಸೇವೆಯೆಂಬ ಮಾತು ಅಲ್ಲಿ ಅನುಕೂಲವೆಂಬ ಬೇರೆ ಅಂಗಿ ತೊಟ್ಟು ಬರುತ್ತದೆ, ಅಷ್ಟೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ತಳಹದಿಯ ಘಟ್ಟವೆಂದು ಕರೆದಿದೆ. 2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಿಗೆ ಸರಕಾರಿ ಮಾಂಟೆಸೊರಿ ಎಂಬ ಹೆಸರು ಬಂದಿತು. ಅಡೆಯಾರಿನಲ್ಲಿಯೂ ಬೋರ್ಡಿಯಲ್ಲಿಯೂ ಎರಡಾಗಿ ಒಡೆದ ದಾರಿ ಹೀಗೆ ಫಲಕದ ಮೇಲಾದರೂ ಕೂಡಿತು. ಸಂತೋಷ. ರೋಮಿನ ಬಡಕೇರಿಯಲ್ಲಿ ಹುಟ್ಟಿದ ಹೆಸರು ಬಡವರ ಮಕ್ಕಳಿಗೆ ಮರಳಿ ದಕ್ಕುವುದು ನ್ಯಾಯವೇ.

ಆದರೆ ಫಲಕ ಬದಲಾಯಿಸಿದ ದಿನ ಕೇಳಬೇಕಾದ ಪ್ರಶ್ನೆ ಒಳಗೆ ನಿಂತಿರುವ ಹೆಂಗಸಿನದು. ಮನೆಯ ಚಾವಣಿ ಹಾಕುವವನಿಗೆ ಕೂಲಿ ಗೊತ್ತುಮಾಡಿ, ತಳಪಾಯ ಹಾಕುವವನಿಗೆ ಗೌರವ ಸಲ್ಲಿಸಿ ಕಳಿಸುವ ಯಜಮಾನನನ್ನು ನಾವು ಬುದ್ಧಿವಂತನೆನ್ನುತ್ತೇವೆಯೇ? ಕಾಲೇಜಿನ ಅಧ್ಯಾಪಕನಿಗೆ ಸಂಬಳ, ಹೈಸ್ಕೂಲಿನವನಿಗೆ ಸಂಬಳ, ಪ್ರಾಥಮಿಕ ಶಾಲೆಯವರಿಗೆ ಸಂಬಳ, ಮೂರು ವರ್ಷದ ಮಗುವಿಗೆ ಮೊದಲ ಪಾಠ ಹೇಳುವವರಿಗೆ ಮಾತ್ರ ಗೌರವಧನ ಎಂಬುದು ಅದೇ ಲೆಕ್ಕ. ಗಿಜುಭಾಯಿ ಒಂದು ಶತಮಾನದ ಹಿಂದೆ ಬಾಲಮಂದಿರದ ಬೆನ್ನಿಗೇ ಅಧ್ಯಾಪನ ಮಂದಿರವನ್ನು ಕಟ್ಟಿದರು, ಸಂಘವನ್ನು ಕಟ್ಟಿದರು. ತಿಂಗಳುಗಟ್ಟಲೆ ಕಲಿಸಬೇಕು, ಕಲಿತವರನ್ನು ಶಿಕ್ಷಕಿಯೆಂದು ಕರೆಯಬೇಕು, ಶಿಕ್ಷಕಿಗೆ ಸಂಬಳ ಕೊಡಬೇಕು. ಮುಂದಿನ ಸಲ ಮೂರು ವರ್ಷದ ಮಗುವಿನ ಕೈಹಿಡಿದು ಯಾವ ಫಲಕದ ಕೆಳಗೆ ನಿಂತರೂ, ಫೀಸನ್ನೂ ವ್ಯಾನನ್ನೂ ವಿಚಾರಿಸುವ ಮೊದಲು, ಇಲ್ಲಿ ಕಲಿಸುವವರಿಗೆ ನೀವು ಏನು ಕಲಿಸಿದ್ದೀರಿ, ಎಷ್ಟು ಕೊಡುತ್ತೀರಿ ಎಂದು ಕೇಳೋಣ. ಕೇಳುವವರು ಹೆಚ್ಚಿದರೆ ಉತ್ತರ ಕೊಡುವವರೂ ಹುಟ್ಟಿಕೊಂಡಾರು.